ಎರಡು ಕಣ್ಣಿಗೆ ಎರಡು ಬಗೆಯ ಲೆನ್ಸ್ ಕೊಡುವ ರೆಪ್ಪೆಯಕ್ಕ

ಒಂದು ತಿಂಗಳು ಬಾಳುವ ಸಾದಾ ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ಒಂದು ಜೊತೆ ಕೊಳ್ಳಲು ಬೇಕರಿ ಕೆಲಸದವರ ಒಂದು ದಿನದ ಸಂಬಳ ಸಾಕು. ಸಿಲಿಕೋನ್ ಬೆರೆತದ್ದಕ್ಕೆ ಎರಡು ದಿನದ್ದು ಬೇಕು. ಭಟ್ಟಿಯ ತಟ್ಟೆ ತಗುಲಿ ಕೈ ಸುಟ್ಟುಕೊಂಡರೆ ವಾರದ್ದೇ ಹೋಗುತ್ತದೆ. ಕೊಳ್ಳುವವರು ಮೊದಲೆರಡನ್ನು ಲೆಕ್ಕ ಹಾಕುತ್ತಾರೆ. ರೆಪ್ಪೆಯಕ್ಕ ಮೂರನೆಯದನ್ನೂ ಸೇರಿಸುತ್ತಾರೆ.

ಈಗಷ್ಟೇ ಬೆಳಕು ಹರಿಯುತ್ತಿದೆ. ಅವರು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಇನ್ನೂ ಬೀಗ. ಅವರು ಮಾತ್ರ ಬೇಕರಿಯ ಹಿಂದಿನ ಕೋಣೆಯಲ್ಲಿ ಮೈದಾ ಮೂಟೆಯ ಮೇಲೆ ಕುಳಿತು, ಭಟ್ಟಿಯಿಂದ ಬನ್ನಿನ ತಟ್ಟೆ ಎಳೆಯುತ್ತಿರುವ ಹೆಂಗಸಿನ ಕಣ್ಣನ್ನೇ ನೋಡುತ್ತಿದ್ದಾರೆ.

"ಏನಕ್ಕಾ, ನನ್ನ ಮುಖದಲ್ಲಿ ಸಿನಿಮಾ ನಡೀತಿದೆಯಾ?"

"ಹೂಂ, ಹೀರೋಯಿನ್ನು ರೆಪ್ಪೆ ಬಡಿಯೋದನ್ನೇ ಮರೆತಿದ್ದಾಳೆ. ಬಡಿಯೇ ತಾಯಿ, ಅದಕ್ಕೇನು ಬಾಡಿಗೆ ಕೊಡಬೇಕಾ?"

ಹೀಗೆ ಹೇಳಿ ಹೇಳಿಯೇ ಅವರಿಗೆ ಆ ಹೆಸರು ಬಂದಿದ್ದು. ಗಂಡ ತೀರಿಕೊಂಡಾಗ ಭಾವನ ಅಂಗಡಿಯಲ್ಲಿ ಗಾಜು ಒರೆಸಲು ಸೇರಿದವರು, ಈಗ ದಿನಕ್ಕೆ ಎಂಟು ಹತ್ತು ಮಂದಿಗೆ ಲೆನ್ಸ್ ಹಾಕಲು ಕಲಿಸುತ್ತಾರೆ. ಕಣ್ಣು ನೋಡಿ ಪವರ್ ಬರೆಯುವುದು ಡಾಕ್ಟರು. ಯಾವ ಬಗೆಯದು ಯಾರಿಗೆ ಒಗ್ಗುತ್ತದೆ ಎಂದು ಹಾಕಿಸಿ ನೋಡುವುದು ಇವರ ಪಾಲಿನ ಕೆಲಸ.

"ಸಾದಾದು ನೀರು ಕುಡಿದ ಹತ್ತಿ ಥರ. ಹಾಕಿದ ತಕ್ಷಣ ಹಾಯ್ ಅನ್ಸುತ್ತೆ, ಬಿಸಿ ತಗುಲಿದ್ರೆ ಒಣಗುತ್ತೆ. ಸಿಲಿಕೋನಿಂದು ಸ್ವಲ್ಪ ಬಿಗಿ ಸ್ವಭಾವದ್ದು. ಆದ್ರೆ ಕಣ್ಣಿಗೆ ಗಾಳಿ ಚೆನ್ನಾಗಿ ಬಿಡುತ್ತೆ. ಜಿಡ್ಡು ಕಂಡ್ರೆ ಮಾತ್ರ ಬಿಡಲ್ಲ, ಊಟದ ಹೊತ್ತಿಗೆ ಬಂದ ನೆಂಟರ ಹಾಗೆ ಅಂಟಿಕೊಂಡುಬಿಡುತ್ತೆ."

ಬಲಗಣ್ಣಿಗೆ ಒಂದು ಬಗೆ, ಎಡಗಣ್ಣಿಗೆ ಇನ್ನೊಂದು ಹಾಕಿ ಅವರು ಗಿರಾಕಿಯನ್ನು ಕೆಲಸಕ್ಕೆ ಕಳಿಸುತ್ತಾರೆ. ಯಾವುದು ದುಬಾರಿ ಎಂದು ಬಾಯಿ ಬಿಡುವುದಿಲ್ಲ. "ಬೆಲೆ ಗೊತ್ತಾದ್ರೆ ಕಣ್ಣೂ ಸುಳ್ಳು ಹೇಳುತ್ತೆ. ಒಂದೇ ಮನೇಲಿ ಇಬ್ಬರು ಸವತಿಯರನ್ನ ಬಿಟ್ಟಿದ್ದೀನಿ, ಯಾರು ಜಗಳ ತೆಗೀತಾರೆ ನೋಡು ಅಂತೀನಿ." ಭಾವನಿಗೆ ಇದು ಹಿಡಿಸದು. "ಮಾರೋಕೆ ಬಾಯಿ ಸಾಕು. ಇವಳಿಗೆ ಊರು ಸುತ್ತಬೇಕು," ಎಂದು ಗೊಣಗುತ್ತಾರೆ.

ಬೇಕರಿಯಾಕೆಗೆ ಮಾತ್ರ ಇದು ಹುಡುಗಾಟವಲ್ಲ. ಭಟ್ಟಿಯ ಬಾಗಿಲು ತೆರೆದಾಗಲೆಲ್ಲ ಹಬೆಯಿಂದ ಕನ್ನಡಕ ಮಂಜಾಗಿ, ಎರಡು ಸಲ ಕೈ ಸುಟ್ಟುಕೊಂಡಿದ್ದಾಳೆ. ಇನ್ನೊಮ್ಮೆ ಸುಟ್ಟುಕೊಂಡರೆ ಪ್ಯಾಕಿಂಗ್ ಮೇಜಿಗೆ ಹಾಕುವುದಾಗಿ ಯಜಮಾನರು ಹೇಳಿದ್ದಾರೆ. "ನಾನು ಬ್ರೆಡ್ಡು ಬೇಯಿಸೋಳು ಅಕ್ಕಾ, ಕವರಿಗೆ ತುಂಬೋಳಲ್ಲ," ಎನ್ನುವಾಗ ಆಕೆಯ ದನಿ ಸಣ್ಣದಾಗುತ್ತದೆ.

ನಿನ್ನೆ ಇಬ್ಬರೂ ಸವತಿಯರು ಜಗಳ ತೆಗೆದಿದ್ದರು. ಎಡಗಣ್ಣು ಒಣಗಿ ಉರಿದಿತ್ತು, ಬಲಗಣ್ಣಿಗೆ ಮಬ್ಬು ಕವಿದಿತ್ತು. ಇವತ್ತೂ ಅದೇ ಕಥೆ. ಲೆನ್ಸೇ ಬೇಡವೇನೋ ಎನ್ನುವ ಹಂತಕ್ಕೆ ಆಕೆ ಬಂದಿದ್ದಾಳೆ.

"ಬಲಗಡೇದು ತೆಗೆದುಬಿಡು. ಅದೇ ಬಗೇದು ಹೊಸದು ಕೊಡ್ತೀನಿ, ನನ್ನೆದುರಿಗೇ ಹಾಕು."

ಆಕೆ ಸೋಪು ಹಚ್ಚಿ ಕೈ ತೊಳೆಯುತ್ತಾಳೆ, ಒರೆಸಿಕೊಳ್ಳುತ್ತಾಳೆ. ಕಿಟಕಿಯಲ್ಲಿದ್ದ ಟ್ಯೂಬು ಹಿಂಡಿ ಸುಟ್ಟ ಕಲೆಗೆ ಮುಲಾಮು ಸವರುತ್ತಾಳೆ. ಅದೇ ಬೆರಳು ಹೊಸ ಲೆನ್ಸಿನ ಡಬ್ಬಿಗೆ ಹೋಗುತ್ತದೆ.

"ನಿಲ್ಲು, ನಿಲ್ಲು! ಅದೇನು ಹಚ್ಚಿಕೊಂಡೆ?"

"ಮುಲಾಮು. ಕೈ ತೊಳೆದ ಮೇಲೆ ದಿನಾ ಹಚ್ಚಲೇಬೇಕಲ್ಲ?"

ರೆಪ್ಪೆಯಕ್ಕ ಹಣೆ ಚಚ್ಚಿಕೊಂಡು ನಗುತ್ತಾರೆ. "ಜಿಡ್ಡು ಕಂಡ್ರೆ ಬಿಡದವಳಿಗೆ ನೀನೇ ದಿನಾ ಬಡಿಸಿದ್ದೀಯ! ಮೊದಲು ಲೆನ್ಸು, ಆಮೇಲೆ ಮುಲಾಮು. ಸಂಜೆ ತೆಗೆಯೋ ಮುಂಚೆ ಮತ್ತೆ ಸೋಪು."

ಆಕೆ ಮತ್ತೆ ಕೈ ತೊಳೆದು ಹೊಸದನ್ನು ಹಾಕಿಕೊಳ್ಳುತ್ತಾಳೆ. ತಟ್ಟೆಗಳು ಒಂದರ ಹಿಂದೊಂದು ಒಳಗೆ ಹೋಗಿ ಹೊರಗೆ ಬರುತ್ತವೆ. ಬೀದಿಯಲ್ಲಿ ಬಿಸಿಲು ಏರಿದ ಮೇಲೆ ಆಕೆ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಗೋಡೆ ಗಡಿಯಾರ ನೋಡುತ್ತಾಳೆ.

"ಅಕ್ಕಾ, ಎಡಗಡೆಯವಳು ಇನ್ನೂ ಉರೀತಿದ್ದಾಳೆ. ಬಲಗಡೆಯವಳು ತೆಪ್ಪಗಿದ್ದಾಳೆ! ಇವಳೇ ದುಬಾರಿಯವಳಾ?"

"ಹೌದು. ಅಗ್ಗದವಳು ತೆಪ್ಪಗಿದ್ದಿದ್ರೆ ಅವಳನ್ನೇ ಕೊಡ್ತಿದ್ದೆ. ನಮ್ಮ ಭಾವನ ಕಿವಿಗೆ ಹಾಕಬೇಡ."

ಹಿಟ್ಟು ಮೆತ್ತಿದ ಸೀರೆ ಕೊಡವಿ ರೆಪ್ಪೆಯಕ್ಕ ಅಂಗಡಿಗೆ ಹೊರಡುತ್ತಾರೆ. ಏನನ್ನಿಸುತ್ತದೆ ಎಂದು ಕೇಳಿದರೆ, "ಕೊನೇ ತಟ್ಟೆ ಎಳೆಯುವಾಗ ನನ್ನ ಹತ್ರ ಹರಟೆ ಹೊಡೀತಾನೇ ಇದ್ದಳು. ಕೈ ಮಾತ್ರ ಸರಿಯಾಗಿ ಹಿಡಿಗೇ ಹೋಯ್ತು. ಅದನ್ನ ನೋಡೋಕೇ ಬಂದಿದ್ದು," ಎನ್ನುತ್ತಾರೆ.

ಬೇಕರಿಯಾಕೆಗೆ ಭಟ್ಟಿಯ ಕೆಲಸ ಉಳಿಯಿತು. ರೆಪ್ಪೆಯಕ್ಕನಿಗೆ ಎರಡು ಗಂಟೆಯ ನಿದ್ದೆ ಹೋಯಿತು.