ಕಾಶಮ್ಮ ಹೆಡ್ಡಿಗೆ ಸೀಮೆಎಣ್ಣೆ ಹಾಕಿ ನೋಡಿದ್ದು

ಕಾಶಮ್ಮ ಹುಟ್ಟಿದ್ದು ಕಾಶಿಯಲ್ಲಿಯೇ. ಅಪ್ಪ ಅಮರಯ್ಯ ರಾಯಚೂರಿನ ಕಡೆಯಿಂದ ಬಂದು ಇಲ್ಲಿಯ ಕನ್ನಡದ ಮಠದಲ್ಲಿ ವ್ಯಾನ್ ಡ್ರೈವರ್ ಆದವರು. ಅವರ ಕಣ್ಣು ಮಂಜಾದ ಮೇಲೆ ಸ್ಟಿಯರಿಂಗ್ ಮಗಳ ಕೈಗೆ ಬಂತು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದ ಯಾತ್ರಿಕರು ಹೆಂಗಸು ಗಾಡಿ ಓಡಿಸುವುದನ್ನು ಕಂಡು ಮೊದಲು ಹಿಂಜರಿಯುತ್ತಿದ್ದರು. ಸೋನಾರ್‌ಪುರದ ಇ-ರಿಕ್ಷಾಗಳ ನಡುವೆ ಅವಳು ವ್ಯಾನ್ ನುಸುಳಿಸಿ ತರುವಷ್ಟರಲ್ಲಿ ತಮ್ಮ ಊರು, ಮಕ್ಕಳು, ಮಂಡಿನೋವು ಎಲ್ಲ ಅವಳಿಗೆ ಹೇಳಿ ಮುಗಿಸಿರುತ್ತಿದ್ದರು.

ಈ ಬೇಸಗೆಯಲ್ಲಿ ಅದೇ ರಸ್ತೆಯ ಜಾಮಿನಲ್ಲಿ ರೇಡಿಯೇಟರ್ ಪೈಪು ಒಡೆದು ಎಂಜಿನ್ ಕಾದುಹೋಯಿತು. ಎಂಜಿನ್ನಿನ ಮೇಲಿನ ಮುಚ್ಚಳದಂಥ ಹೆಡ್ಡು ಬಿಚ್ಚಿ ನೋಡಿದರೆ ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟಿತ್ತು, ಒಳಗಿನ ವಾಲ್ವುಗಳೂ ಕೆಟ್ಟಿದ್ದವು. ಮಠದ ಮ್ಯಾನೇಜರ್ ಕುಮಾರಯ್ಯ ಮೊದಲೇ ಹೇಳಿಬಿಟ್ಟರು.

"ಹೆಡ್ ಸೀಳಿದ್ರ ಈ ಗಾಡಿ ಸಾಕು ತಂಗಿ. ಗುಜರಿಗೆ ಕೊಟ್ಟು ಬಾಡಿಗಿ ಗಾಡಿ ಮಾಡೋಣು."

ಬಾಡಿಗೆ ಗಾಡಿಯ ಜೊತೆ ಅದರ ಡ್ರೈವರೂ ಬರುತ್ತಾನೆಂದು ಅವರು ಹೇಳಲಿಲ್ಲ. ಕಾಶಮ್ಮನಿಗೆ ತಾನಾಗಿಯೇ ಹೊಳೆಯಿತು. ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

ವರ್ಕ್‌ಶಾಪಿನವರು ಹೆಡ್ಡಿನ ಮೈ ಸಮ ಮಾಡಿ, ಪ್ರತಿ ವಾಲ್ವನ್ನೂ ಅದರದೇ ಸೀಟಿನಲ್ಲಿಟ್ಟು ಪೇಸ್ಟ್ ಹಚ್ಚಿ ಉಜ್ಜಿ, ಗುರುತಿಗೆ ಅದರ ಮುಖದ ಮೇಲೆ ಚುಕ್ಕಿ ಹೊಡೆದು ಕೊಟ್ಟರು. ಮೊದಲ ಸಿಲಿಂಡರಿನದಕ್ಕೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಮಠದ ಹಿತ್ತಲಲ್ಲಿ ಅಪ್ಪ ಒಂದೊಂದೇ ವಾಲ್ವು ಒರೆಸಿ ಕೊಟ್ಟರು. ಅವಳು ಸ್ಪ್ರಿಂಗ್ ಒತ್ತಿ ಲಾಕ್ ಕೂರಿಸಿದಳು. ಆಮೇಲೆ ಹೆಡ್ಡನ್ನು ಪಕ್ಕಕ್ಕೆ ಮಲಗಿಸಿ, ಹೊಗೆ ಹೊರಹೋಗುವ ತೂತುಗಳಲ್ಲಿ ಸೀಮೆಎಣ್ಣೆ ತುಂಬಿದಳು. ವಾಲ್ವು ಸರಿಯಾಗಿ ಕೂತಿದ್ದರೆ ಎಣ್ಣೆ ಅದರ ಅಂಚು ದಾಟಿ ಬರಬಾರದು.

ಒಂದನೆಯದು, ನಾಲ್ಕನೆಯದು ಒಣಗಿಯೇ ಇದ್ದವು. ನಡುವಿನ ಎರಡರಲ್ಲೂ ಎಣ್ಣೆ ಜಿನುಗಿತು.

"ಏನಾತವ್ವಾ?" ಎಂದರು ಅಮರಯ್ಯ.

"ಸೋರಾಕತ್ತೈತಪ್ಪಾ. ನಡುವಿನ ಎರಡೂ." ಕಾದ ಹೆಡ್ಡು ಸೀಳುವುದು ಹೆಚ್ಚಾಗಿ ನಡುವೆಯೇ.

ಅಮರಯ್ಯ ಗೋಡೆಗೆ ಒರಗಿದರು. ಕಾಶಮ್ಮ ಸೀಳು ಹುಡುಕಲು ಬಟ್ಟೆಯಿಂದ ಗ್ರೀಸು, ಎಣ್ಣೆ ಎಲ್ಲ ಒರೆಸಿ ಮೊಬೈಲಿನ ಬೆಳಕು ಹಿಡಿದಳು. ಕೂದಲೆಳೆಯಷ್ಟು ಗೆರೆಯೂ ಕಾಣಲಿಲ್ಲ. ಕಂಡದ್ದು ಬೇರೆ.

"ಅಪ್ಪಾ, ಎರಡನೇದರಾಗ ಮೂರು ಚುಕ್ಕಿ ಅದಾವ!"

"ಮೂರನೇದರಾಗ?"

"ಎರಡು."

ಅಮರಯ್ಯ ತಲೆಗೆ ಕೈ ಹಚ್ಚಿಕೊಂಡರು. "ನಾನೇ ಅದಲು ಬದಲು ಕೊಟ್ಟೀನವ್ವಾ. ಈ ಕಣ್ಣು ನಂಬಬಾರದಾಗಿತ್ತು."

"ಇರಲಿ ಬಿಡಪ್ಪಾ, ನಾನೂ ನೋಡದ ಹಾಕೀನಿ. ಜಲ್ದಿ ಸ್ಪ್ರಿಂಗ್ ಹಿಡಿ."

ಒಂದರ ಸೀಟಿಗೆ ಉಜ್ಜಿದ ವಾಲ್ವು ಇನ್ನೊಂದರಲ್ಲಿ ಬಿಗಿಯಾಗಿ ಕೂರುವುದು ಹೇಗೆ? ಎರಡನ್ನೂ ಬಿಚ್ಚಿ ಅವುಗಳದೇ ಜಾಗಕ್ಕೆ ಹಾಕಿ, ಮತ್ತೆ ಎಣ್ಣೆ ತುಂಬಿ ಕೂತರು. ಚಹಾ ಬಂತು, ಕುಡಿದದ್ದಾಯಿತು. ಅಮರಯ್ಯ ಬೆರಳಿನಿಂದ ವಾಲ್ವಿನ ಅಂಚನ್ನು ಸುತ್ತ ಸವರಿ, ಆ ಬೆರಳನ್ನು ಮೂಗಿಗೆ ಹಿಡಿದು ನೋಡಿದರು.

"ವಾಸನಿ ಸುದ್ದಾ ಇಲ್ಲ," ಎಂದು ನಕ್ಕರು.

ಕಾಶಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡಳು. ಕಣ್ಣು ಚುರುಗುಟ್ಟಿತು. ಅಪ್ಪನ ಜೊತೆ ಅವಳೂ ನಕ್ಕಳು. ಹೆಡ್ಡು ಸೀಳಿಲ್ಲವೆಂದು ಕುಮಾರಯ್ಯನವರಿಗೆ ಸುದ್ದಿ ಮುಟ್ಟಿಸಿ, ಕೈ ತೊಳೆದು, ಮಠದ ಪಂಕ್ತಿಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.