ಮೋಟಾರಿನೊಳಗಿನ ಅಗ್ಗಿಷ್ಟಿಗೆ

ಮೋಟಾರಿನೊಳಗೆ ಬಿಸಿಗಾಳಿ ಬೇಕು ಎಂದು ನಮ್ಮ ಕಡೆಯವರು ಯಾರಾದರೂ ಕೇಳಿದ್ದರೆ, ತಲೆ ನೆಟ್ಟಗಿದೆಯೇ ಎಂದು ನಾನೇ ಕೇಳುತ್ತಿದ್ದೆ. ಬೇಸಿಗೆಯಲ್ಲಿ ಬಾನೆಟ್ಟಿನ ಮೇಲೆ ರೊಟ್ಟಿ ಬೇಯಿಸಬಹುದಾದ ಊರು ನಮ್ಮ ಗೋಕಾಕ. ಆದರೂ ಎರಡನೆಯ ಮಹಾಯುದ್ಧದ ಕಾಲಕ್ಕೆ ಹೀಟರ್ ಇದ್ದ ಒಂದು ಮೋಟಾರು ನನ್ನ ಗ್ಯಾರೇಜಿಗೆ ಬರುತ್ತಿತ್ತು. ಹುಕ್ಕೇರಿಯ ಸಾಹುಕಾರರೊಬ್ಬರು ಬೆಳಗಾವಿಯಲ್ಲಿ ದಂಡಿನ ಸಾಹೇಬನೊಬ್ಬನಿಂದ ಕೊಂಡದ್ದು. ಜೈನರು, ಬೆಲ್ಲದ ವ್ಯಾಪಾರ, ಮಾತಿಗಿಂತ ಮೊದಲು ಕೈ ಮುಗಿಯುವ ಮನುಷ್ಯ. ಅವರಿಗೆ ಒಬ್ಬಳೇ ಮಗಳು.

ಒಂದು ಮಳೆಗಾಲ ಅವಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಚಳಿಗಾಲಕ್ಕೆ ಕೂಸಿಗೆ ಮೂರು ತಿಂಗಳು ತುಂಬುತ್ತಲೇ ತಾಯಿ ಮಗು ಇಬ್ಬರನ್ನೂ ಮೂಡಲಗಿಗೆ, ಅವಳ ಗಂಡನ ಮನೆಗೆ ಮುಟ್ಟಿಸಬೇಕಿತ್ತು. ನಮ್ಮಲ್ಲಿ ಬಾಣಂತಿಗೆ ಗಾಳಿ ಸೋಕಿಸುವುದಿಲ್ಲ. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ, ಮಂಚದ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಗೆ. ಮನೆಯಲ್ಲೇನೋ ಸರಿ, ಇಪ್ಪತ್ತು ಮೂವತ್ತು ಮೈಲಿಯ ದಾರಿಯಲ್ಲಿ ಏನು ಮಾಡುವುದು? ಸಾಹುಕಾರರಿಗೆ ಆಗ ಹೀಟರ್ ನೆನಪಾಯಿತು. ಹಚ್ಚಿ ನೋಡಿದರೆ ಬಿಸಿಗಾಳಿಯ ಬದಲು ತುಕ್ಕುನೀರು ಬಂತು.

ಹೀಟರ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಎಂಜಿನ್ನಿನ ಬಿಸಿನೀರು ಒಂದು ರಬ್ಬರ್ ಪೈಪಿನಿಂದ ಒಳಗೆ ಬಂದು, ಹಿತ್ತಾಳೆಯ ಪುಟ್ಟ ಜಾಲರಿಯೊಂದರಲ್ಲಿ ಸುತ್ತಾಡಿ, ಇನ್ನೊಂದು ಪೈಪಿನಿಂದ ಹಿಂದಕ್ಕೆ ಹೋಗುತ್ತದೆ. ಜಾಲರಿಯ ಬೆನ್ನಿಗಿರುವ ಫ್ಯಾನು ಆ ಬಿಸಿಯನ್ನು ಒಳಗೆ ಊದುತ್ತದೆ. ನಾನು ನೀರು ಬಸಿದು, ಅಂಗಾತ ಮಲಗಿ, ಮುಖದ ತುಂಬ ತುಕ್ಕುನೀರು ಸುರಿಸಿಕೊಂಡು ಅದನ್ನು ಬಿಚ್ಚಿದೆ. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಊದಿದರೆ ಹತ್ತು ಕಡೆ ಗುಳ್ಳೆ ಎದ್ದವು. ಬೆಸುಗೆ ನಿಲ್ಲುವ ಮಾತೇ ಇಲ್ಲ. ಗಾಡಿ ಓಡಲೆಂದು ಎರಡೂ ಪೈಪುಗಳನ್ನು ಒಂದಕ್ಕೊಂದು ಕೂಡಿಸಿ ಕಳಿಸಿದೆ. ಬೇರೊಂದು ಜಾಲರಿ ಕಳಿಸಲು ಬೆಳಗಾವಿಯ ಗುಜರಿಯವನಿಗೆ ಹೇಳಿದೆ.

ಅದು ಬಂತು. ಇದನ್ನು ಮುಚ್ಚಿಡಬಾರದು. ಸೋಮವಾರವೇ ಬಂದು ನನ್ನ ಗೂಡಿನಲ್ಲಿ ಕುಳಿತಿತ್ತು. ಆ ವಾರ ನಾನು ಇದ್ದಿಲು ಗ್ಯಾಸಿನ ಬಸ್ಸೊಂದರ ಒಲೆ ರಿಪೇರಿ ಮಾಡುತ್ತಿದ್ದೆ. ಪೆಟ್ರೋಲ್ ರೇಷನ್ನಿನ ಕಾಲ, ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಸಾಹುಕಾರರು ಬುಧವಾರ ಬಂದು ನನ್ನ ತಲೆಯ ಮೇಲೆ ನಿಂತರು.

“ಮಿಸ್ತ್ರಿ, ಶುಕ್ರವಾರ ಮುಂಜಾನೆ ಛಲೋ ಗಳಿಗಿ ಐತ್ರಿ. ಅಷ್ಟ್ರಾಗ ಹೀಟರ್ ಆಕ್ಕೈತೇನ್ರಿ? ಹುಡುಗಿಗೆ ಥಂಡಿ ಹತ್ತಬಾರ್ದು ನೋಡ್ರಿ.”

ಅರ್ಧ ದಿನದ ಕೆಲಸ. ಆದರೆ ನನ್ನದು ಹಾಳು ಸಿಡುಕು. ಅವಸರ ಮಾಡಿದವರ ಕೆಲಸವನ್ನು ಬೇಕೆಂತಲೇ ಹಿಂದಕ್ಕೆ ತಳ್ಳುವವನು ನಾನು.

“ಸಾವ್ಕಾರ್ರ, ನನಗೇನು ಹತ್ತು ಕೈ ಅದಾವೇನ್ರಿ? ಅಷ್ಟು ಥಂಡಿ ಅಂದ್ರ ಗಾಡ್ಯಾಗ ಒಂದು ಅಗ್ಗಿಷ್ಟಿಗಿ ಇಟ್ಕೊಂಡು ಹೋಗ್ರಿ. ಅದಕ್ಕ ಪೈಪೂ ಬ್ಯಾಡ, ಬೋಲ್ಟೂ ಬ್ಯಾಡ.”

ಬಸ್ಸಿನವರು ನಕ್ಕರು. ಸಾಹುಕಾರರು ನಗಲಿಲ್ಲ. ಸ್ವಲ್ಪ ಯೋಚಿಸಿ, “ಖರೇನ ಐತ್ರಿ” ಎಂದು ಕೈ ಮುಗಿದು ಹೋದರು.

ಶುಕ್ರವಾರ ಬೆಳಿಗ್ಗೆ ಆ ಮೋಟಾರು ನನ್ನ ಗ್ಯಾರೇಜಿನ ಮುಂದೆಯೇ ಹಾದುಹೋಯಿತು. ಸಾಹುಕಾರರೇ ನಡೆಸುತ್ತಿದ್ದರು. ಅವರ ಬಾಜೂ ಹೆಂಡತಿ, ತೊಡೆಯ ಮೇಲೆ ಕೂಸು. ಹಿಂದಿನ ಸೀಟಿಗೆ ಸುತ್ತಲೂ ಕಂಬಳಿ ಕಟ್ಟಿದ್ದರು, ಒಂದು ಬೆರಳಿನ ಸಂದಿಯೂ ಇರಲಿಲ್ಲ. ಅವರು ಹಾರ್ನ್ ಹೊಡೆದು ಕೈ ಎತ್ತಿದರು. ಕಂಬಳಿ ನೋಡಿ ನನಗೆ ನಗು ಬಂತು. ನಾನೂ ಕೈ ಎತ್ತಿದೆ.

ಮೂಡಲಗಿಯಲ್ಲಿ ಬೀಗರು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರಂತೆ. ಕಂಬಳಿ ಸರಿಸಿದರೆ ಹುಡುಗಿ ಏಳಲಿಲ್ಲ. ಮುಖ ಆಗತಾನೇ ಎರೆದುಕೊಂಡವಳ ಹಾಗೆ ಕೆಂಪಗಿತ್ತಂತೆ. ಅವಳ ಕಾಲ ಬಳಿ ಅಗ್ಗಿಷ್ಟಿಗೆ ಇನ್ನೂ ಬಿಸಿಯಾಗಿತ್ತು. ಹುಕ್ಕೇರಿ ಬಿಟ್ಟ ಸ್ವಲ್ಪ ಹೊತ್ತಿಗೆ ಕೂಸು ಅಳತೊಡಗಿ, ಸೆಖೆಯಾಯಿತೇನೋ ಎಂದು ಅಜ್ಜಿ ಅದನ್ನೆತ್ತಿಕೊಂಡು ಮುಂದಿನ ಸೀಟಿಗೆ ಬಂದಿದ್ದರು. ಅದಕ್ಕೇ ಅದು ಉಳಿಯಿತು. ಕಲ್ಲೋಳಿ ದಾರಿಯ ಹುಣಸೆಮರದ ಹತ್ತಿರ ಗಾಳಿ ಬಡಿಯಿತು ಎಂದು ಜನ ಆಡಿಕೊಂಡರು.

ನನಗೆ ಕೇಳಿದ ಕೂಡಲೇ ಗೊತ್ತಾಯಿತು. ಗ್ಯಾಸ್ ಬಸ್ಸಿನ ಕ್ಲೀನರ್ ಒಬ್ಬ ಮುಚ್ಚಿದ ಶೆಡ್ಡಿನಲ್ಲಿ ಒಲೆಯ ಪಕ್ಕ ಮಲಗಿ ಎಚ್ಚರ ತಪ್ಪಿದಾಗ ನಾನೇ ಅವನನ್ನು ಹೊರಗೆ ಎಳೆದು ಹಾಕಿದ್ದೆ. ಹೊಗೆ ಇರಬೇಕೆಂದಿಲ್ಲ, ಬರೀ ಕೆಂಡದ ವಿಷಗಾಳಿ ಸಾಕು. ಮನೆಯಲ್ಲಿ ಹಂಚಿನ ಸಂದಿಯಿಂದ ಗಾಳಿ ಆಡುತ್ತದೆ, ಬಾಣಂತಿ ಬದುಕುತ್ತಾಳೆ. ಕಂಬಳಿ ಕಟ್ಟಿದ ಮೋಟಾರಿನಲ್ಲಿ ಎಲ್ಲಿಂದ ಬರಬೇಕು? ಇಷ್ಟು ಗೊತ್ತಿದ್ದವನು ನಾನು, ನನ್ನ ಬಾಯಿಂದಲೇ ಆ ಮಾತು ಬಂತು. ಯಾರಿಗೂ ಹೇಳಲಿಲ್ಲ. ಹೆದರಿದ್ದೆ. ಗೂಡಿನಲ್ಲಿದ್ದ ಜಾಲರಿಯ ಮೇಲೆ ಗೋಣಿಚೀಲ ಹೊದಿಸಿದೆ. ಆಮೇಲೂ ಆ ಕಡೆ ಬೆನ್ನು ಹಾಕಿ ಕೆಲಸ ಮಾಡಲು ಆಗುತ್ತಿರಲಿಲ್ಲ. ಹಾದಿಯಲ್ಲಿ ಹಾರ್ನ್ ಕೇಳಿದರೆ ಆ ಕಂಬಳಿ ಕಣ್ಣೆದುರು ಬರುತ್ತಿತ್ತು, ನಾನು ಕೈ ಎತ್ತಿ ನಗುತ್ತಿರುವುದು ಕಾಣುತ್ತಿತ್ತು. ಇಂದಿಗೂ ಬರುತ್ತದೆ.

ಎರಡು ತಿಂಗಳ ಮೇಲೆ ಸಾಹುಕಾರರು ಮೋಟಾರು ತಂದು ನಿಲ್ಲಿಸಿದರು. ಕೂಸನ್ನು ಇನ್ನು ತಾವೇ ಸಾಕುವುದಾಗಿ, ಅದನ್ನು ಓಡಾಡಿಸಲು ಹೀಟರ್ ಇರಲಿ ಎಂದರು. ನಾನು ಚೀಲ ತೆಗೆದು ಜಾಲರಿಯನ್ನು ನಾಲ್ಕು ಸಲ ನೀರಿನಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಕೂರಿಸಿ, ಪೈಪು ಸಿಕ್ಕಿಸಿ, ಕ್ಲಿಪ್ಪು ಬಿಗಿದು, ನೀರು ತುಂಬಿ, ಎಲ್ಲಾದರೂ ಸೋರುತ್ತದೆಯೇ ಎಂದು ಕೆಳಗೆ ಮಲಗಿ ನೋಡುತ್ತಿದ್ದೆ. ಅವರು ಬಾಗಿಲ ಬಳಿ ನಿಂತು ಮಾತಾಡುತ್ತಿದ್ದರು.

“ನಿಮ್ಮ ಉಪಕಾರ ಮರಿಯಂಗಿಲ್ರಿ ಮಿಸ್ತ್ರಿ. ನೀವು ಅಗ್ಗಿಷ್ಟಿಗಿ ಮಾತು ಹೇಳಿದ್ದಕ್ಕ ನನ್ನ ಮಗಳು ಕಡೀತನಕಾ ಬೆಚ್ಚಗಿದ್ಲು. ಅಂಕಲಗ್ಯಾಗ ನಮ್ಮ ಬಳಗದಾಕಿ ಒಬ್ಬಾಕಿ ಬಾಣಂತಿ ಅದಾಳ. ನಾಳೆ ಗಂಡನ ಮನಿಗೆ ಹೊಂಟಾಳ. ಅವರಿಗೂ ಹಂಗ ಮಾಡ್ರಿ ಅಂತ ಹೇಳೇನಿ.”

ನಾನು ಮೋಟಾರಿನ ಕೆಳಗಿನಿಂದ ಎದ್ದು ಬಂದೆ. ಅಲ್ಲೇ ನೆಲದ ಮೇಲೆ ಕುಳಿತು, ಕ್ಲೀನರ್‌ನ ಕಥೆಯಿಂದ ಹಿಡಿದು, ಸೋಮವಾರವೇ ಬಂದಿದ್ದ ಜಾಲರಿಯ ತನಕ ಎಲ್ಲವನ್ನೂ ಹೇಳಿದೆ. ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಮೋಟಾರು ಹತ್ತಿ, “ಈಗ ಅಂಕಲಗಿಗೆ ಹೋಗಬೇಕು” ಎಂದಷ್ಟೇ ಹೇಳಿ ಎಂಜಿನ್ ಶುರು ಮಾಡಿದರು. ಮತ್ತೆ ಏನೋ ನೆನಪಾದಂತೆ ತಲೆ ಹೊರಗೆ ಹಾಕಿದರು.

“ನಮ್ಮ ಮನಿಯಾಕಿ ಮುಂದ ಮಾತ್ರ ಈ ಮಾತು ಎತ್ತಬ್ಯಾಡ್ರಿ. ಕೆಂಡ ತುಂಬಿದಾಕಿ ಅಕಿ. ಹುಡುಗಿ ಕಣ್ಣು ಉರೀತಾವ ಅಂತ, ಹೊಗಿ ಹೋಗೂ ತನಕಾ ಕುಂತು ಬೀಸಿದಾಳ.”

ಅಂಕಲಗಿಯ ಬಾಣಂತಿ ಉಳಿದಳು. ಸಾಹುಕಾರರು ಮತ್ತೆ ನನ್ನ ಗ್ಯಾರೇಜಿಗೆ ಬರಲಿಲ್ಲ. ಆದರೆ ಅವರ ಹೆಂಡತಿ, ತಾವು ಬದುಕಿರುವ ತನಕ, ಪ್ರತಿ ವರ್ಷ ಕಬ್ಬಿನ ಗಾಣ ಶುರುವಾದಾಗ ಆಳಿನ ಕೈಯಲ್ಲಿ ಒಂದು ಹೊಸ ಬೆಲ್ಲದ ಪೆಂಟೆ ಕಳಿಸುತ್ತಿದ್ದರು. ಮಗಳನ್ನು ಬೆಚ್ಚಗಿಟ್ಟ ಮಿಸ್ತ್ರಿಗೆ ಕೊಡು ಎಂದು ಹೇಳಿ ಕಳಿಸುತ್ತಿದ್ದರು. ನಾನು ತೆಗೆದುಕೊಳ್ಳುತ್ತಿದ್ದೆ. ಬೇಡವೆಂದರೆ ಯಾಕೆ ಎಂದು ಆ ತಾಯಿಗೆ ಹೇಳಬೇಕಾಗುತ್ತಿತ್ತು.