ಆರು ಜನರ ಸಂಗೀತಕ್ಕೆ ಏಳನೆಯವರು

ನಮ್ಮ ಭಾವನಿಗೆ ಅವರ ಕಟ್ಟಡದ ಮಕ್ಕಳು ಇಟ್ಟ ಹೆಸರು ಬೀರು ಮಾಮ. ಅವರು ನುಡಿಸುವುದು ಡಬಲ್ ಬೇಸ್. ಪಿಟೀಲಿನ ಜಾತಿಯದೇ ವಾದ್ಯ, ಆದರೆ ಆಳಿಗಿಂತ ಎತ್ತರ. ಮೈಗೆ ಒರಗಿಸಿಕೊಂಡು ನಿಂತೇ ನುಡಿಸಬೇಕು. ಅದಕ್ಕೆ ಕಪ್ಪು ಚೀಲ ತೊಡಿಸಿ ಬೆನ್ನಿಗೇರಿಸಿಕೊಂಡು ಅವರು ಮೆಟ್ಟಿಲು ಹತ್ತುವಾಗ, ಬಟ್ಟೆ ಬೀರುವೊಂದು ತಾನೇ ಮನೆ ಬದಲಾಯಿಸುತ್ತಿರುವ ಹಾಗೆ ಕಾಣುತ್ತದೆ. ತಮಾಷೆಯೆಂದರೆ ಅವರ ಹೊಟ್ಟೆಪಾಡಿನ ಕೆಲಸ ಲಿಫ್ಟ್ ರಿಪೇರಿ. ಊರಿನ ಅರ್ಧ ಲಿಫ್ಟುಗಳು ಅವರ ಕೈಗುಣದಿಂದ ಓಡುತ್ತಿವೆ. ಅವರ ವಾದ್ಯ ಹಿಡಿಸುವ ಲಿಫ್ಟು ಮಾತ್ರ ಅವರ ಕಟ್ಟಡದಲ್ಲೇ ಇಲ್ಲ.

ಅವರ ಕಣ್ಣಿಗೆ ಅಕ್ಕ ಬಿದ್ದದ್ದೂ ಲಿಫ್ಟಿನಲ್ಲೇ. ಬೇಸ್‌ನ ತಂಗಿಯಂತಿರುವ, ಕೂತು ನುಡಿಸುವ ಚೆಲ್ಲೊ ತಬ್ಬಿಕೊಂಡು ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿದ್ದಳು. ಬಾಗಿಲು ತೆರೆದವರು ಮೊದಲು ಚೆಲ್ಲೊ ಈಸಿಕೊಂಡರಂತೆ, ಆಮೇಲೆ ಅಕ್ಕನಿಗೆ ಕೈ ಕೊಟ್ಟರಂತೆ. ವಾದ್ಯಕ್ಕೆ ಮೊದಲ ಮರ್ಯಾದೆ ಕೊಟ್ಟ ಗಂಡಸು ಎಂದು ಅಕ್ಕ ಅಲ್ಲೇ ಒಪ್ಪಿಬಿಟ್ಟಳು. ನಮ್ಮ ದೊಡ್ಡತ್ತೆ ಮೂಗು ಮುರಿದರು. ಮಾತೇ ಆಡದ ಮನುಷ್ಯನ ಜೊತೆ ಏನು ಸಂಸಾರ ಮಾಡುತ್ತೀಯೇ ಎಂದು ಕೇಳಿದರು. ಮಾತಿನ ಪಾಲು ನಾನು ನೋಡಿಕೊಳ್ಳುತ್ತೇನೆ ಎಂದು ಅಕ್ಕ ಹೇಳಿದಳು, ಹಾಗೆಯೇ ನಡೆಸಿದಳು.

ಭಾನುವಾರ ಮಧ್ಯಾಹ್ನ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾವು ಆರು ಜನ ಸೇರುತ್ತಿದ್ದೆವು. ಇಬ್ಬರು ವಯೊಲಿನ್, ಅದಕ್ಕಿಂತ ತುಸು ದಪ್ಪ ದನಿಯ ವಿಯೋಲ ಇಬ್ಬರು, ಇಬ್ಬರು ಚೆಲ್ಲೊ. ನಾನು ಮೊದಲ ವಿಯೋಲ, ಅಕ್ಕ ಎರಡನೆಯ ಚೆಲ್ಲೊ. ಏನೇನೋ ನುಡಿಸಿ ನೋಡಿ, ಕೊನೆಗೆ ಒಂದೇ ಕೃತಿಗೆ ಅಂಟಿಕೊಂಡೆವು. ನೂರು ವರ್ಷಕ್ಕೂ ಹಿಂದೆ, ಸಂಗೀತವೆಲ್ಲ ಉದ್ದುದ್ದ ನಿಟ್ಟುಸಿರು ಬಿಡುತ್ತಿದ್ದ ಕಾಲದಲ್ಲಿ, ಆರೇ ಆರು ವಾದ್ಯಗಳಿಗೆಂದು ಬರೆದದ್ದು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೆ, ಥೇಟ್ ನಮ್ಮ ಮನೆಯ ಹಾಗೆ. ಬೇಸ್‌ಗೆ ಅದರಲ್ಲಿ ಒಂದು ಸ್ವರವೂ ಇಲ್ಲ.

ಹಾಗಾಗಿ ಭಾವ ಅಡುಗೆಮನೆಯಲ್ಲಿರುತ್ತಿದ್ದರು. ನಡುವೆ ಒಂದು ಗೋಡೆ, ಅಕ್ಕ ಮುಚ್ಚಿದ ಒಂದು ಬಾಗಿಲು. ಅವರು ಅಲ್ಲಿ ಕೂತು ಯಾವುದೋ ಲಿಫ್ಟಿನ ಗುಂಡಿಗಳ ಹಲಗೆ ಬಿಚ್ಚಿ ಒರೆಸುತ್ತಿದ್ದರು, ಆಮೇಲೆ ಚಹಾ ತರುತ್ತಿದ್ದರು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ನಾನು ರೇಗಿಸಿದರೆ ನಗುತ್ತಿದ್ದರು. ಒಳಗೆ ಬಂದು ಕೂರಬಾರದೇ ಎಂದು ನಮ್ಮ ಮೊದಲ ವಯೊಲಿನ್ ಕೇಳಿದಾಗ, ಆರು ಜನ ತಮ್ಮ ಪಾಡಿಗೆ ಮಾತಾಡಿಕೊಳ್ಳುವಾಗ ಏಳನೆಯವನು ಬಂದು ಕೂತರೆ ಅದು ಕಚೇರಿಯಾಗಿಬಿಡುತ್ತದೆ ಎಂದರು. ಅಕ್ಕ ತನ್ನ ಹಾಳೆ ತಿರುವಿದಳು. ಬಾಗಿಲು ಮಾತ್ರ ಮುಚ್ಚಿಯೇ ಇರುತ್ತಿತ್ತು.

ಅಕ್ಕ ಹೋದದ್ದು ಒಂದು ವಾರದ ಜ್ವರಕ್ಕೆ. ಅದನ್ನು ಬೆಳೆಸಿ ಹೇಳುವ ಶಕ್ತಿ ನನಗಿಲ್ಲ.

ಮಣ್ಣಿಗೆ ಕೊಂಡೊಯ್ಯುವ ದಿನ ಬೆಳಿಗ್ಗೆ ಕಟ್ಟಡದ ಲಿಫ್ಟು ನಿಂತುಹೋಯಿತು. ಒಳಗೆ ದೊಡ್ಡತ್ತೆ, ಅವರ ಜೊತೆ ಇನ್ನಿಬ್ಬರು. ಅತ್ತೆ ಅಕ್ಕನಿಗಾಗಿ ಶುರು ಮಾಡಿದ್ದ ಅಳುವನ್ನು ತಮಗಾಗಿ ಮುಂದುವರಿಸಿದರು. ಭಾವ ಎದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಮೇಲಿನ ಯಂತ್ರದ ಕೋಣೆಗೆ ಹೋಗಿ, ಬ್ರೇಕು ಸಡಿಲಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದರು. ಅತ್ತೆಯನ್ನು ಇಳಿಸಿದರು. ತೋಳಿಗೆ ಗ್ರೀಸು ಹತ್ತಿತ್ತು. ಹಾಗೆಯೇ ಬಂದು ಅಕ್ಕನ ತಲೆಯ ಬಳಿ ನಿಂತರು. ಕಣ್ಣಲ್ಲಿ ಒಂದು ಹನಿ ಇಲ್ಲ.

ಆಡುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಕಲ್ಲು ಮನುಷ್ಯ ಎಂದರು. ಕಾಪಾಡಿಸಿಕೊಂಡ ಅತ್ತೆಯೇ ಎಲ್ಲರಿಗಿಂತ ಜೋರಾಗಿ ಅಂದರು. ಸುಳ್ಳೇಕೆ, ನನಗೂ ಸಿಟ್ಟು ಬಂದಿತ್ತು. ಅವರು ಮೂರನೆಯ ದಿನವೇ ಕೆಲಸಕ್ಕೆ ಹೋದರು. ಸಂಜೆ ನಾನು ಅಡುಗೆ ಮಾಡಿ ಒಯ್ಯುತ್ತಿದ್ದೆ. ಒಂದು ದಿನ ಬೇಕೆಂದೇ ಉಪ್ಪು ಹಾಕಲಿಲ್ಲ. ತಟ್ಟೆ ಖಾಲಿ ಮಾಡಿ, ತೊಳೆದಿಟ್ಟು, ಚೆನ್ನಾಗಿತ್ತು ಎಂದರು. ಅವತ್ತು ನನ್ನ ಸಿಟ್ಟು ಇಳಿದು ಹೆದರಿಕೆ ಶುರುವಾಯಿತು. ಈ ಮನುಷ್ಯ ಅಳು ತಡೆದುಕೊಂಡಿದ್ದಲ್ಲ, ಅವರೊಳಗೆ ಯಾವುದೂ ಮುಟ್ಟುತ್ತಿರಲಿಲ್ಲ. ಹೀಗೇ ಇದ್ದುಬಿಟ್ಟರೆ ಎಂದು ನನಗೆ ನಿದ್ದೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ವಾದ್ಯವೃಂದದ ಮೇಷ್ಟ್ರು ಆ ವರ್ಷದ ಕಾರ್ಯಕ್ರಮಕ್ಕೆ ಅದೇ ಕೃತಿಯನ್ನು ಆರಿಸಿದರು. ಊರಿನ ತಂತಿವಾದ್ಯಗಳ ವೃಂದ ಅದು. ನಾನೂ ಭಾವನೂ ಹಳಬರು. ಅಕ್ಕ ಎಂದೂ ಸೇರಿರಲಿಲ್ಲ, ಮನೆಯಲ್ಲಿ ನುಡಿಸುವುದೇ ಸಾಕು ಎನ್ನುತ್ತಿದ್ದಳು. ಆರು ಜನಕ್ಕೆ ಬರೆದದ್ದನ್ನು ವೃಂದ ನುಡಿಸುವುದೆಂದರೆ, ಒಬ್ಬೊಬ್ಬರ ಸಾಲನ್ನು ನಾಲ್ಕೈದು ಜನ ಹಂಚಿಕೊಂಡು ನುಡಿಸುತ್ತಾರೆ. ಗುಟ್ಟಿನ ಮಾತು ಗುಂಪಿನ ಮಾತಾಗುತ್ತದೆ. ಅಷ್ಟು ಜನಕ್ಕೆ ಕೆಳಗೊಂದು ನೆಲ ಬೇಕಲ್ಲ, ಅದಕ್ಕೆ ಬೇಸ್ ಸೇರಿಸುತ್ತಾರೆ. ಬೇಸ್‌ಗೆಂದು ಬರೆದದ್ದು ಇಲ್ಲದ್ದರಿಂದ ಎರಡನೆಯ ಚೆಲ್ಲೊದ ಹಾಳೆಗಳನ್ನೇ ಕೊಡುತ್ತಾರೆ. ಬೇಸ್‌ನವರು ಪೆನ್ಸಿಲ್ ಹಿಡಿದು ಕೂತು, ಎಲ್ಲಿ ಅದರ ಜೊತೆ ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂದು ತಾವೇ ಗುರುತು ಹಾಕಿಕೊಳ್ಳಬೇಕು. ಭಾರ ಬೇಕಾದಲ್ಲಿ ಸೇರು, ನಯ ಬೇಕಾದಲ್ಲಿ ಬಿಡು. ಆ ಕಸುಬಿನಲ್ಲಿ ಭಾವನದು ಪಳಗಿದ ಕೈ.

ಎರಡನೆಯ ಚೆಲ್ಲೊ ಎಂದರೆ ಅಕ್ಕನ ಸಾಲು. ಬೇಡ ಅನ್ನುತ್ತಾರೇನೋ ಎಂದುಕೊಂಡೆ. ಅವರು ಹಾಳೆಗಳನ್ನು ಈಸಿಕೊಂಡು ಚೀಲದಲ್ಲಿಟ್ಟುಕೊಂಡರು, ಅಷ್ಟೇ.

ಮೊದಲ ತಾಲೀಮಿನಲ್ಲಿ ಎಲ್ಲ ಸರಿಯಾಗಿಯೇ ಹೋಯಿತು, ನಿಧಾನದ ಭಾಗ ಬರುವವರೆಗೆ. ಅಲ್ಲೊಂದು ಕಡೆ ಎರಡನೆಯ ಚೆಲ್ಲೊ ತನ್ನ ಕೆಳಗಿನ ಜಾಗ ಬಿಟ್ಟು ಮೇಲೆ ಹತ್ತುತ್ತದೆ, ವಯೊಲಿನ್‌ಗಳ ಎತ್ತರಕ್ಕೆ. ಉಳಿದವರೆಲ್ಲ ಉಸಿರಿನಷ್ಟು ಮೆಲ್ಲಗೆ ನುಡಿಸಬೇಕು. ಮೇಷ್ಟ್ರು ಅದನ್ನು ಚೆಲ್ಲೊದವರಲ್ಲಿ ಮುಂದೆ ಕೂತ ಹುಡುಗಿ ಒಬ್ಬಳಿಗೇ ಕೊಟ್ಟಿದ್ದರು. ಅವಳು ಶುರು ಮಾಡಿದಾಗ ಭಾವ ಕಮಾನು ಗಾಳಿಯಲ್ಲಿ ಹಿಡಿದು ನಿಂತುಬಿಟ್ಟದ್ದನ್ನು ನನ್ನ ಕುರ್ಚಿಯಿಂದ ನೋಡಿದೆ. ಮುಂದಿನ ತಾಲೀಮಿನಲ್ಲಿ ಅವರು ಅವಳ ಜೊತೆಗೇ ನುಡಿಸಿದರು. ಬೇಸ್‌ನಲ್ಲಿ ಅಷ್ಟು ಮೇಲಿನ ಸ್ವರ ಬೇಕೆಂದರೆ ವಾದ್ಯದ ಮೇಲೆ ಬಾಗಿ, ಬೆರಳುಗಳನ್ನು ತಂತಿಯ ಕೆಳತುದಿಗೆ ಇಳಿಸಬೇಕು. ಭಾವ ಬಾಗಿದರು. ಹುಡುಗಿಯ ಚೆಲ್ಲೊದ ಅಡಿಯಲ್ಲಿ ಯಾರೋ ಗೊರಕೆ ಹೊಡೆದ ಹಾಗೆ ಕೇಳಿಸಿತು. ವಯೊಲಿನ್‌ನವರು ಒಬ್ಬರನ್ನೊಬ್ಬರು ನೋಡಿಕೊಂಡರು.

ಇಂಥ ತಪ್ಪು ಭಾವನಿಂದ ಆಗುವಂಥದ್ದಲ್ಲ. ಮೇಷ್ಟ್ರು ನಯವಾಗಿಯೇ ಹೇಳಿದರು. ಭಾವ ತಲೆಯಾಡಿಸಿದರು, ಆಮೇಲಿನ ತಾಲೀಮಿನಲ್ಲಿ ಮತ್ತೆ ನುಡಿಸಿದರು. ಅದರ ಮುಂದಿನದರಲ್ಲೂ ನುಡಿಸಿದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ ಅಲ್ಲ ಅವರು; ಹಟದಲ್ಲಿ ಒಂದು ಬಿಸಿಯಾದರೂ ಇರುತ್ತದೆ, ಇದರಲ್ಲಿ ಅದೂ ಇರಲಿಲ್ಲ. ಕೊನೆಗೆ ಮೇಷ್ಟ್ರು ಲಯ ತೋರಿಸುವ ಕೋಲು ಕೆಳಗಿಟ್ಟು ಎಲ್ಲರೆದುರೇ ಅಂದರು:

"ನೋಡಿ, ಜೊತೆಗೆ ನುಡಿಸೋದು ಯಾರಾದ್ರೂ ಮಾಡ್ತಾರೆ. ಎಲ್ಲಿ ಬಿಡಬೇಕು ಅಂತ ತಿಳ್ಕೊಳ್ಳೋದೇ ನಿಮ್ಮ ಕೆಲಸ. ಆಗಲ್ಲ ಅಂದ್ರೆ ಈ ಸಲಕ್ಕೆ ಬೇರೆಯವರನ್ನ ಕರೆಸ್ತೀನಿ."

ಮರುದಿನ ನಾನು ಅವರ ಮನೆಗೆ ಹೋದೆ. ಆ ಮನೆಯಲ್ಲಿ ಉಳಿದಿದ್ದ ಒಂದೇ ಎಳೆ ಈ ವೃಂದ. ಅದೂ ಕಡಿದರೆ ಆಮೇಲೆ ಲಿಫ್ಟು, ತಟ್ಟೆ, ಹಾಸಿಗೆ ಅಷ್ಟೇ. ಭಾವ ಅಡುಗೆಮನೆಯ ತಮ್ಮ ಹಳೆಯ ಜಾಗದಲ್ಲೇ ಕೂತಿದ್ದರು. ಮುಂದಿನ ಕೋಣೆಯ ಬಾಗಿಲು ಈಗ ತೆರೆದೇ ಇತ್ತು. ಯಾಕೆ ಹೀಗೆ ಮಾಡ್ತಿದ್ದೀರಿ ಎಂದು ಕೇಳಿಯೇಬಿಟ್ಟೆ. ಯಾರದೋ ಲಿಫ್ಟಿನ ದೋಷ ವಿವರಿಸುವವರ ಹಾಗೆ ಹೇಳಿದರು.

ಗೋಡೆ ದಾಟಿ ಬರುವುದು ಕೆಳಗಿನ ಸ್ವರ ಮಾತ್ರವಂತೆ. ವಯೊಲಿನ್‌ಗಳು ಆಚೆಯೇ ಉಳಿಯುತ್ತಿದ್ದವು, ನನ್ನ ವಿಯೋಲ ಆಗೀಗ ಬರುತ್ತಿತ್ತು, ಅಕ್ಕನದು ಪೂರ್ತಿ ಬರುತ್ತಿತ್ತು. ಇಷ್ಟು ವರ್ಷ ಆ ಕೃತಿ ಎಂದರೆ ಅವರಿಗೆ ಅಕ್ಕನ ಒಂದು ಸಾಲು. ಅದರ ಮೇಲೇನಿದೆ ಎಂಬುದೇ ತಿಳಿದಿರಲಿಲ್ಲ. ನಡುವೆ ಒಂದು ಕಡೆ ಅಕ್ಕನ ಸದ್ದು ನಿಲ್ಲುತ್ತಿತ್ತು. ಅವಳಿಗೆ ಅಲ್ಲಿ ವಿರಾಮ ಎಂದುಕೊಂಡು ಅವರು ಏಳುತ್ತಿದ್ದರು, ಒಲೆ ಹಚ್ಚುತ್ತಿದ್ದರು, ಚಹಾಕ್ಕೆ ನೀರಿಡುತ್ತಿದ್ದರು.

"ಅವಳು ಅಲ್ಲಿ ಸುಮ್ಮನಿರ್ತಿರ್ಲಿಲ್ಲ," ಅಂದರು. "ಮೇಲೆ ಹೋಗಿರ್ತಿದ್ಲು. ಅವಳ ಅತಿ ಚೆಂದದ ಜಾಗ ಅದು. ನಾನು ಪ್ರತಿ ಸಲ ನಲ್ಲಿ ತಿರುಗಿಸ್ತಿದ್ದೆ."

ಅದಕ್ಕೇ ಈ ಸಲ ಅಲ್ಲಿ ಬಿಡುವುದಿಲ್ಲವಂತೆ. ಅವರ ದನಿಯಲ್ಲಿ ಏರಿಳಿತವೇ ಇರಲಿಲ್ಲ.

ನಾನು ಬಾಯಿಗೆ ಬಂದ ಮಾತು ನುಂಗಿಕೊಂಡೆ. ಯಾಕೆಂದರೆ ಅತಿ ಚೆಂದದ ಆ ಜಾಗವನ್ನು ಅಕ್ಕ ಒಂದು ಸಲವೂ ಸರಿಯಾಗಿ ನುಡಿಸಿರಲಿಲ್ಲ. ಅವಳದು ಕೆಳಗಿನ ಸ್ವರಗಳ ಕೈ. ಅಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮೇಲೆ ಹತ್ತಬೇಕಾದಾಗ ಬೆರಳು ಜಾರುತ್ತಿತ್ತು, ಸ್ವರ ತಪ್ಪುತ್ತಿತ್ತು. ಬಾಗಿಲು ಮುಚ್ಚುತ್ತಿದ್ದದ್ದೂ, ಅವರು ಕೆಲಸಕ್ಕೆ ಹೋದಾಗ ಮಾತ್ರ ಅಭ್ಯಾಸಕ್ಕೆ ಕೂರುತ್ತಿದ್ದದ್ದೂ ಅದಕ್ಕೇ. ಅವರು ಕಸುಬು ಬಲ್ಲವರು ಕಣೇ, ಅವರ ಮುಂದೆ ನನ್ನ ಮಾನ ಹೋಗತ್ತೆ ಎಂದು ನನ್ನೊಬ್ಬಳ ಬಳಿ ಹೇಳಿದ್ದಳು. ಸತ್ತವಳು ಮುಚ್ಚಿಟ್ಟದ್ದನ್ನು ಬಿಚ್ಚುವುದು ಹೇಗೆ? ಹಾಗಾಗಿ ಇನ್ನೊಂದು ನಿಜ ಹೇಳಿದೆ.

"ನೀವು ನುಡಿಸಿದ್ರೆ ನಿಮಗೆ ನಿಮ್ಮದೇ ಕೇಳತ್ತೆ ಭಾವ. ಆ ಸಾಲು ಕೇಳಬೇಕು ಅಂದ್ರೆ ಬಿಡಬೇಕು."

ಅವರು ಅದನ್ನು ಯೋಚಿಸಿದರು. ಆಮೇಲೆ ಸರಿ ಎಂದರು. ಸರಿ ಎಂದ ಮನುಷ್ಯ ಪೆನ್ಸಿಲ್ ತೆಗೆದು, ಆ ಜಾಗದ ಎರಡೂ ತುದಿಗೆ ಇಲ್ಲಿ ಬಿಡು ಎಂಬ ಆವರಣ ಚಿಹ್ನೆ ಹಾಕಿದರು. ಏನೋ ಆಗಬಹುದು ಎಂಬ ಆಸೆ ಅವತ್ತು ನನಗೆ ಹುಟ್ಟಿತು. ಅವರಿಗೂ ಹುಟ್ಟಿತ್ತೆಂದು ಆಮೇಲೆ ತಿಳಿಯಿತು.

ಕಾರ್ಯಕ್ರಮ ಒಂದು ಭಾನುವಾರ ಮಧ್ಯಾಹ್ನ. ಸಭಾಂಗಣ ಮುಕ್ಕಾಲು ತುಂಬಿತ್ತು. ದೊಡ್ಡತ್ತೆ ಮುಂದಿನ ಸಾಲಿನಲ್ಲಿ ಕರವಸ್ತ್ರದ ಸಮೇತ ತಯಾರಾಗಿ ಕೂತಿದ್ದರು. ನಿಧಾನದ ಭಾಗ ಬಂತು. ಭಾವ ಕಮಾನು ಇಳಿಸಿದರು, ಬೇಸ್‌ನ ಹೆಗಲಿಗೆ ಕೈ ಇಟ್ಟು ನಿಂತರು. ಆ ಹುಡುಗಿ ನುಡಿಸಿದಳು. ನಿಜ ಹೇಳಬೇಕೆಂದರೆ ಅಷ್ಟು ಚೆನ್ನಾಗಿ ನಾನು ಎಲ್ಲೂ ಕೇಳಿಲ್ಲ. ಒಂದು ಸ್ವರ ಅಲುಗಲಿಲ್ಲ. ನನ್ನ ಕಣ್ಣು ತುಂಬಿ ಎದುರಿನ ಹಾಳೆ ಮಸುಕಾಯಿತು. ಅದರೊಳಗೇ ಭಾವನ ಮುಖ ನೋಡಿದೆ. ಬಸ್ಸಿಗೆ ಕಾಯುವವರ ಮುಖ. ಆವರಣ ಮುಗಿದ ಕಡೆ ಸರಿಯಾಗಿ ಕಮಾನು ಎತ್ತಿ ಸೇರಿಕೊಂಡರು. ಚಪ್ಪಾಳೆಯಾಯಿತು. ಮೇಷ್ಟ್ರು ಭಾವನನ್ನು ಬೇರೆಯಾಗಿ ಎಬ್ಬಿಸಿ ಸಭೆಗೆ ತೋರಿಸಲೆಂದು ಕೈ ನೀಡಿ, ಅವರು ಮೊದಲೇ ನಿಂತಿದ್ದಾರೆಂದು ನೆನಪಾಗಿ ಕೈ ಇಳಿಸಿದರು.

ಜನ ಹೋದ ಮೇಲೆ ವೇದಿಕೆಯಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಭಾವ ಕಮಾನಿನ ಕೂದಲು ಸಡಿಲಿಸುತ್ತ ನಿಂತಿದ್ದರು. ನಾನು ಹತ್ತಿರ ಹೋದೆ.

"ಬಿಟ್ಟೆ," ಅಂದರು. "ಪೂರ್ತಿ ಕೇಳಿದೆ. ಏನೂ ಆಗಲಿಲ್ಲ ನನಗೆ." ಬೇಸ್ ಎದೆಗೆ ಒರಗಿಸಿಕೊಂಡು ಕೇಳಿದರು, "ಅವಳು ಹೀಗೇ ನುಡಿಸ್ತಿದ್ಲಾ?"

ಹೂಂ ಎಂದರೆ ಮುಗಿದಿತ್ತು. ಅಕ್ಕನ ಮಾನ ಉಳಿಯುತ್ತಿತ್ತು, ಅವರ ಕೈಗೆ ಒಂದು ಚೆಂದದ ನೆನಪು ಸಿಗುತ್ತಿತ್ತು. ಆದರೆ ಆ ಮುಖ ನೋಡಿ ನನಗೆ ಸಾಕುಸಾಕಾಗಿತ್ತು. ಆ ಚೆಂದವನ್ನು ಈಗಷ್ಟೇ ಅವರ ಕಿವಿಗೆ ಸುರಿದಾಗಿತ್ತಲ್ಲ, ಬಂಡೆಯ ಮೇಲೆ ನೀರು ಹರಿದ ಹಾಗೆ ಹರಿದುಹೋಗಿತ್ತು.

"ಇಲ್ಲ ಭಾವ," ಅಂದೆ. "ಅಲ್ಲಿ ಅಕ್ಕ ಪ್ರತಿ ಸಲ ತಪ್ಪುತ್ತಿದ್ಲು. ಒಂದು ಸಲಾನೂ ಮೇಲೆ ತಲುಪಲಿಲ್ಲ. ಅರ್ಧಕ್ಕೆ ಜಾರಿ, ಅಯ್ಯೋ ನಿನ್ನ ಮನೆ ಹಾಳಾಗ ಅಂತ ತನ್ನ ಬೆರಳಿಗೇ ಮೆಲ್ಲಗೆ ಬೈಕೊಂಡು, ಸುಮ್ಮನೆ ತಾಳ ಎಣಿಸ್ಕೊಂಡು ಕೂತಿದ್ದು, ಕೆಳಗೆ ಬಂದಮೇಲೆ ಸೇರ್ಕೊಳ್ತಿದ್ಲು. ನಿಮಗೆ ಗೊತ್ತಾಗಬಾರದು ಅಂತಾನೇ ಬಾಗಿಲು ಹಾಕ್ತಿದ್ಲು."

ಅವರು ನನ್ನನ್ನೇ ನೋಡಿದರು.

"ಬೈಕೊಳ್ತಿದ್ಲಾ?"

"ಪ್ರತಿ ಭಾನುವಾರ."

ಅವರ ಬಾಯಿಯ ಒಂದು ತುದಿ ನಗಲು ಹೋಯಿತು. ಪೂರ್ತಿ ನಗಲಾಗಲಿಲ್ಲ. ಬೇಸ್ ಕೈಯಿಂದ ಜಾರುವುದರಲ್ಲಿತ್ತು, ನಾನು ಹಿಡಿದುಕೊಂಡೆ. ಭಾವ ವೇದಿಕೆಯ ಅಂಚಿನಲ್ಲಿ ಕುಸಿದು ಕೂತರು.

"ನಾನು ಅದನ್ನ ಕೇಳಲೇ ಇಲ್ವಲ್ಲೇ," ಅಂದರು. "ಅವಳು ತಪ್ಪಿದ್ದನ್ನ ನಾನು ಒಂದು ಸಲಾನೂ ಕೇಳಲಿಲ್ಲ."

ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಕುರ್ಚಿ ಪೇರಿಸುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ನಾನು ಅವರ ಬೇಸ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.